ಇಲಿಗಳಿಗೆ ಡೈಲಾಗ್ ಇಲ್ಲವೇ?

ಏಪ್ರಿಲ್ ಹತ್ತಕ್ಕೆ ಶಾಲೆಗಳಲ್ಲಿ ಪಾಸು-ಫೇಲು ಹೇಳಿ ಕೈತೊಳೆದುಕೊಳ್ಳುತ್ತಾರೆ. ಹನ್ನೊಂದರ ಬೆಳಿಗ್ಗೆಯಿಂದ ಊರಿನ ತಾಯಂದಿರ ಬಾಯಲ್ಲಿ ಒಂದೇ ಮಾತು: ‘ಇವನನ್ನ ಎಲ್ಲಿಗಾದ್ರೂ ಹಾಕ್ಬೇಕಲ್ಲ!’ ಹೆತ್ತ ಮಗನ ವಿಚಾರ ಸ್ವಾಮಿ ಇದು, ಹಳೇ ಸೈಕಲ್ಲಿನದಲ್ಲ. ಹಾಕುವುದಕ್ಕೆ ಜಾಗಗಳಿಗೇನೂ ಕೊರತೆಯಿಲ್ಲ. ಅಬಾಕಸ್ಸು, ಕರಾಟೆ, ವೇದಗಣಿತ, ಕೀಬೋರ್ಡು, ದುಂಡಗೆ ಬರೆಯುವ ಕ್ಲಾಸು. ಇವಿಷ್ಟೂ ಕಡೆಯಿಂದ ‘ನಿಮ್ಮುಡುಗ ಒಂದು ಕಡೆ ಕೂರಲ್ಲ ಮೇಡಂ’ ಎಂಬ ಸರ್ಟಿಫಿಕೇಟು ಪಡೆದು ವಾಪಸು ಬಂದ ಮಕ್ಕಳು ಕೊನೆಗೆ ಬಂದು ಸೇರುವುದು ನಾಟಕದ ಶಿಬಿರಕ್ಕೆ. ಭರತಮುನಿ ಅಷ್ಟುದ್ದದ ಶಾಸ್ತ್ರ ಬರೆದದ್ದೇ ಒಂದು ಕಡೆ ಕೂರದವರಿಗಾಗಿ ಎಂದು ನಮ್ಮೂರಿನ ತಂದೆತಾಯಿಯರು ಬಲವಾಗಿ ನಂಬಿದ್ದಾರೆ.

ನಮ್ಮೂರು ಎಂದರೆ ತಿಪಟೂರು. ಶಿಬಿರ ನಡೆಸುವವರು ಮೂವರು. ಒಬ್ಬ ನೀನಾಸಂನಲ್ಲಿ ಕಲಿತು ಬಂದ ಹುಡುಗ. ‘ಸ್ಪೇಸ್’, ‘ಎನರ್ಜಿ’ ಎಂಬೆರಡು ಪದಗಳಿಲ್ಲದೆ ಅವನಿಗೆ ಕಾಫಿ ಕುಡಿಯುವುದಕ್ಕೂ ಬರುವುದಿಲ್ಲ. ಇನ್ನೊಬ್ಬರು ಭಜನಾ ಮಂಡಳಿಯ ಹಾರ್ಮೋನಿಯಂ ಮೇಷ್ಟ್ರು; ಯಾವ ಹಾಡು ಕೊಟ್ಟರೂ ಎರಡನೇ ಸಾಲಿಗೆ ಮೋಹನ ರಾಗಕ್ಕೆ ತಂದು ನಿಲ್ಲಿಸುತ್ತಾರೆ. ಮೂರನೆಯವನು ನಾನು, ನಿವೃತ್ತ ಕನ್ನಡ ಪಂಡಿತ. ನನ್ನ ವಿಭಾಗ ಬೈಸಿಕೊಳ್ಳುವುದು. ‘ರಿಟೈರಾದ ಮೇಲೆ ಜನ ಕಾಶಿಗೆ ಹೋಗ್ತಾರೆ, ನೀವು ಇಲಿ ಮೇಯಿಸ್ಕೊಂಡು ಕೂತಿದ್ದೀರಲ್ಲರೀ’ ಎಂದು ನಮ್ಮ ಮನೆಯವರು ಅಂದದ್ದುಂಟು. ಆ ಇಲಿಗಳ ಕಥೆಯನ್ನೇ ಹೇಳಬೇಕಾಗಿದೆ.

ಮಕ್ಕಳ ನಾಟಕಕ್ಕೆ ಕನ್ನಡದಲ್ಲಿ ಬಡತನವಿಲ್ಲ. ಕುವೆಂಪು ‘ಮೋಡಣ್ಣನ ತಮ್ಮ’, ‘ನನ್ನ ಗೋಪಾಲ’ ಬರೆದಿಟ್ಟು ಹೋಗಿದ್ದಾರೆ. ಕಂಬಾರರ ‘ಕಿಟ್ಟಿಯ ಕಥೆ’ ಇದೆ, ಎಚ್.ಎಸ್. ವೆಂಕಟೇಶಮೂರ್ತಿಯವರ ‘ಅಳಿಲು ರಾಮಾಯಣ’ ಇದೆ. ವೈದೇಹಿಯವರು ಶೇಕ್ಸ್‌ಪಿಯರನ ‘ಟೆಂಪೆಸ್ಟ್’ ಅನ್ನೇ ‘ಧಾಂ ಧೂಂ ಸುಂಟರಗಾಳಿ’ ಮಾಡಿ ಮಕ್ಕಳ ಕೈಗೆ ಕೊಟ್ಟಿದ್ದಾರೆ. ಟಾಗೋರರ ಗಿಳಿಯ ಕಥೆಯಿಂದ ಬಂದ ಬಿ.ವಿ. ಕಾರಂತರ ‘ಪಂಜರಶಾಲೆ’ಯನ್ನು ಆಡದ ಊರಿಲ್ಲ. ಬೆಂಗಳೂರಿನಲ್ಲಿ ಪ್ರೇಮಾ ಕಾರಂತರು ಬೆನಕ ಮಕ್ಕಳ ಕೇಂದ್ರ ಕಟ್ಟಿ ಮಕ್ಕಳನ್ನು ರಂಗಕ್ಕೆ ತಂದರು. 1989ರಲ್ಲಿ ಶುರುವಾದ ಮೈಸೂರಿನ ರಂಗಾಯಣ ಬೇಸಿಗೆಯಲ್ಲಿ ‘ಚಿಣ್ಣರ ಮೇಳ’ ಎಂದು ನೂರಾರು ಮಕ್ಕಳನ್ನು ಕಲೆಹಾಕಿ ಕುಣಿಸುತ್ತದೆ. ಆ ದೊಡ್ಡವರೆಲ್ಲ ನಾಟಕ ಆರಿಸುವಾಗ ಆಶಯ ನೋಡುತ್ತಾರೆ, ಭಾಷೆ ನೋಡುತ್ತಾರೆ, ಸಂಗೀತಕ್ಕೆ ಎಡೆಯಿದೆಯೇ ನೋಡುತ್ತಾರೆ. ನಾವು ಮೂವರು ನೋಡುವುದು ಒಂದೇ: ಪಾತ್ರ ಎಷ್ಟು? ‘ಪಂಜರಶಾಲೆ’ಯಲ್ಲಿ ಗಿಳಿ ಒಂದೇ ಒಂದು. ಒಂದು ಗಿಳಿಗೆ ನಲವತ್ತು ತಾಯಂದಿರು. ಪಂಜರದ ಗಿಳಿಯ ಗತಿ ಏನಾಯಿತೆಂದು ಟಾಗೋರರು ಹೇಳಿದ್ದಾರೆ. ನಿರ್ದೇಶಕನ ಗತಿ ಏನಾಯಿತೆಂದು ಹೇಳಲಿಲ್ಲ.

ಅದಕ್ಕೇ 2024ರ ಬೇಸಿಗೆಗೆ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ ಹಿಡಿದೆವು. ಮೂಲದಲ್ಲಿ ಜರ್ಮನಿಯ ಹ್ಯಾಮೆಲಿನ್ ಊರಿನ ಕಥೆ. ಇಂಗ್ಲಿಷಿನಲ್ಲಿ ರಾಬರ್ಟ್ ಬ್ರೌನಿಂಗ್ 1842ರಲ್ಲಿ ಅದನ್ನು ಪದ್ಯವಾಗಿ ಪ್ರಕಟಿಸಿದ. ಕುವೆಂಪು ಅದನ್ನು ಎತ್ತಿಕೊಂಡು ಬಂದು ತುಂಗೆಯ ದಡದಲ್ಲಿ ಇಳಿಸಿ, ಪಿಳ್ಳಂಗೋವಿಯವನ ಕೈಗೆ ಕಿಂದರಿ ಕೊಟ್ಟು, ನಮ್ಮವನೇ ಮಾಡಿಬಿಟ್ಟರು. ಊರಿಗೆಲ್ಲ ಇಲಿ ಕಾಟ, ಓಡಿಸಿದವರಿಗೆ ಹಣ ಕೊಡುತ್ತೇನೆಂದು ಗೌಡ ಒಪ್ಪುತ್ತಾನೆ, ಜೋಗಿ ಕಿಂದರಿ ಬಾರಿಸಿ ಇಲಿಗಳನ್ನೆಲ್ಲ ಹೊಳೆಗಿಳಿಸುತ್ತಾನೆ, ಗೌಡ ಕೈಯೆತ್ತುತ್ತಾನೆ, ಜೋಗಿ ಊರ ಮಕ್ಕಳನ್ನೇ ಕರೆದುಕೊಂಡು ಹೋಗುತ್ತಾನೆ. ಶಿಬಿರಕ್ಕೆ ಇದಕ್ಕಿಂತ ಹೇಳಿಮಾಡಿಸಿದ ನಾಟಕವಿಲ್ಲ. ಜೋಗಿ ಒಬ್ಬ, ಗೌಡ ಒಬ್ಬ, ಊರ ಹಿರಿಯರು ನಾಲ್ಕು ಜನ. ಉಳಿದವರೆಲ್ಲ ಮೊದಲರ್ಧ ಇಲಿ, ಎರಡನೆಯರ್ಧ ಮಕ್ಕಳು. ಎಷ್ಟು ಅಡ್ಮಿಷನ್ ಆದರೂ ಹಿಡಿಸುತ್ತದೆ. ಸಾಲದ್ದಕ್ಕೆ ಜೋಗಿಗೂ ಶಿಬಿರ ನಡೆಸುವವರಿಗೂ ಒಂದು ಹಳೇ ನೆಂಟಸ್ತಿಕೆಯಿದೆ: ಇಬ್ಬರಿಗೂ ಬಾಕಿ ವಸೂಲಾಗುವುದಿಲ್ಲ. ನಮ್ಮಲ್ಲಿ ‘ಕೊಬ್ಬರಿ ದುಡ್ಡು ಬಂದ ತಕ್ಷಣ ಕೊಡ್ತೀನಿ ಮೇಷ್ಟ್ರೇ’ ಎಂಬ ಮಾತಿಗೆ ಬೊಮ್ಮನಹಳ್ಳಿಯ ಗೌಡನ ಮಾತಿನಷ್ಟೇ ತೂಕ.

ಪಾತ್ರ ಹಂಚಿದ ದಿನ ಸಂಜೆಯಿಂದ ಫೋನು ಶುರು. ‘ಸಾರ್, ನಮ್ ಪಾಪುಗೆ ಇಲಿ ಕೊಟ್ಟಿದ್ದೀರಂತೆ. ಇಲಿಗಳಿಗೆ ಡೈಲಾಗ್ ಇಲ್ವಾ?’ ಇದೆ ತಾಯಿ, ಕಿಚಿಕಿಚಿ ಅಂತ ಇದೆ ಎಂದೆ. ‘ಅದು ಎಲ್ರೂ ಒಟ್ಟಿಗೆ ಹೇಳೋದಲ್ವಾ? ಸಪರೇಟಾಗಿ ಏನಿದೆ?’ ಒಬ್ಬರು ಕೊಬ್ಬರಿ ವ್ಯಾಪಾರಿಗಳು ನೋಟ್‌ಬುಕ್ಕು ಹಿಡಿದುಕೊಂಡೇ ಬಂದರು. ಅವರ ಮಗ ಊರ ಹಿರಿಯ. ‘ಫೀಸು ಸಾವಿರದ ಐನೂರು. ಹುಡುಗನಿಗೆ ಡೈಲಾಗು ಎಂಟು. ಡೈಲಾಗಿಗೆ ನೂರಾ ಎಂಬತ್ತೇಳೂವರೆ ಬಿತ್ತು. ಗೌಡನ ಪಾತ್ರದವನಿಗೆ ನಲವತ್ತು ಡೈಲಾಗಂತೆ, ಫೀಸು ಅಷ್ಟೇಯಂತೆ. ಇದು ಯಾವ ನ್ಯಾಯ ಮೇಷ್ಟ್ರೇ?’ ಉಂಡೆ ಕೊಬ್ಬರಿಗೆ ಕೇಂದ್ರ ಸರ್ಕಾರ ಆ ವರ್ಷ ಕ್ವಿಂಟಲಿಗೆ 12,000 ರೂಪಾಯಿ ಬೆಂಬಲ ಬೆಲೆ ಗೊತ್ತುಮಾಡಿತ್ತು. ಡೈಲಾಗಿಗೂ ಅಂಥದೊಂದು ಗೊತ್ತುಮಾಡಬೇಕೆಂಬುದು ಅವರ ಅಹವಾಲು. ಹಾಗಾದರೆ ಇಲಿಗಳ ಲೆಕ್ಕ ಏನು ಸಾಹುಕಾರರೇ ಎಂದು ಕೇಳಿದೆ. ಪೆನ್ನು ಕಚ್ಚಿಕೊಂಡು ಬಹಳ ಹೊತ್ತು ಯೋಚಿಸಿದರು. ಸೊನ್ನೆಯಿಂದ ಭಾಗಿಸಲು ಎಪಿಎಂಸಿ ಯಾರ್ಡಿನಲ್ಲೂ ಬರುವುದಿಲ್ಲ.

ಆ ವರ್ಷ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ. ಇಲಿಗಳು ಮುಳುಗಿ ಸಾಯಬೇಕಾದ ನಾಟಕ ಆಡಲು ಹೊರಟ ನಮಗೆ ಮಕ್ಕಳು ಕೈಕಾಲು ತೊಳೆಯಲು ಟ್ಯಾಂಕರಿನವನನ್ನು ಕಾಯುವ ಸ್ಥಿತಿ. ಬಣ್ಣ ತೆಗೆಯಲು ಮಾತ್ರ ತೊಂದರೆಯಿರಲಿಲ್ಲ. ಮುಖದ ಬಣ್ಣಕ್ಕೆ ಕೊಬ್ಬರಿ ಎಣ್ಣೆಯೇ ಮದ್ದು, ಅದು ನಮ್ಮೂರಿನಲ್ಲಿ ನೀರಿಗಿಂತ ಸಲೀಸು.

ಬರದ ಜೊತೆಗೆ ಚುನಾವಣೆ. ನಮ್ಮ ನಾಡಿನಲ್ಲಿ ಮಕ್ಕಳ ಶಿಬಿರಕ್ಕೂ ಮತದಾನಕ್ಕೂ ಅದೇನು ಋಣಾನುಬಂಧವೋ, ಎರಡೂ ಒಂದೇ ತಿಂಗಳು, ಒಂದೇ ಕಟ್ಟಡ. 2023ರ ಮೇ 10ಕ್ಕೆ ವಿಧಾನಸಭೆ, 2024ರ ಏಪ್ರಿಲ್ 26ಕ್ಕೆ ಲೋಕಸಭೆ. ನಮಗೆ ಶಾಲೆಯ ಎರಡು ಕೋಣೆ ಬಿಟ್ಟುಕೊಟ್ಟಿದ್ದರು, ಅವೆರಡೂ ಮತಗಟ್ಟೆ. ಗೋಡೆಯ ಮೇಲೆ ಮಕ್ಕಳು ಅಂಟಿಸಿದ್ದ ಹೆಗ್ಗಣದ ಚಿತ್ರವನ್ನು ಕಿತ್ತುಹಾಕಬೇಕೆಂದು ಚುನಾವಣೆಯವರು ಹೇಳಿದರು. ಯಾಕೆ ಎಂದರೆ, ಯಾರಾದರೂ ಅದನ್ನು ಅಭ್ಯರ್ಥಿಯೆಂದೋ ಚಿಹ್ನೆಯೆಂದೋ ತಿಳಿದರೆ ಕಷ್ಟ ಎಂದರು. ನಾನು ವಾದಿಸಲಿಲ್ಲ; ಹೆಗ್ಗಣ ನಿಜವಾಗಿ ಚೆನ್ನಾಗಿ ಮೂಡಿತ್ತು.

ಅದಕ್ಕೂ ಮುಂಚೆ ಒಂದು ಸಂಜೆ ನೀನಾಸಂ ಹುಡುಗ ದರ್ಜಿಯ ಅಂಗಡಿಯಿಂದ ಸಾಮಾನು ತುಂಬಿಕೊಂಡು ಆಟೋದಲ್ಲಿ ಬರುತ್ತಿದ್ದ. ಜೊತೆಗೆ ಗೌಡನ ಪಾತ್ರದ ಹುಡುಗ. ಆರನೇ ಕ್ಲಾಸು, ಅಂಗಿಯ ಮೇಲೆ ಅದೇ ತಾನೇ ಹೊಲಿಸಿದ ಜರಿಯ ಶಲ್ಯ. ಚೆಕ್‌ಪೋಸ್ಟಿನಲ್ಲಿ ತಡೆದರು. ಐವತ್ತು ಸಾವಿರಕ್ಕಿಂತ ಹೆಚ್ಚು ನಗದು ಒಯ್ದರೆ ದಾಖಲೆ ತೋರಿಸಬೇಕಾದ ಕಾಲ. ಕೆಂಪು ಬಟ್ಟೆಯ ಗಂಟೊಂದು ಸಿಕ್ಕಿತು. ರಟ್ಟು ಕತ್ತರಿಸಿ ಚಿನ್ನದ ಬಣ್ಣದ ಕಾಗದ ಸುತ್ತಿ ಮಕ್ಕಳೇ ಮಾಡಿದ ನಾಣ್ಯಗಳು. ಕತ್ತಲಲ್ಲಿ ಟಾರ್ಚು ಬಿಟ್ಟರೆ ಫಳಫಳ.

‘ಏನೋ ಇದು?’

‘ದುಡ್ಡು ಸಾರ್’ ಎಂದ ಗೌಡ. ‘ಆರು ಸಾವಿರ ಹೊನ್ನು.’

‘ಯಾರಿಗೆ ಹಂಚೋಕೆ?’

‘ಯಾರಿಗೂ ಹಂಚಲ್ಲ ಸಾರ್. ಕೊಡ್ತೀನಿ ಅಂತ ಊರೋರ ಮುಂದೆ ಹೇಳ್ತೀನಿ. ಕೆಲಸ ಆದ್ಮೇಲೆ ಕೊಡಲ್ಲ ಹೋಗು ಅಂತೀನಿ.’

‘ಯಾವ ಪಕ್ಷ?’

ಬಿಟ್ಟು ಕಳಿಸುವ ಹೊತ್ತಿಗೆ ರಾತ್ರಿ ಎಂಟಾಗಿತ್ತು. ನೀನಾಸಂ ಹುಡುಗ ಬೆವತು ಹೋಗಿದ್ದ. ಗೌಡ ಮಾತ್ರ ಖುಷಿಯಲ್ಲಿದ್ದ. ಅವನ ಡೈಲಾಗಿಗೆ ಸಿಕ್ಕ ಮೊದಲ ನಗೆ ಅದು, ಪೊಲೀಸರಿಂದ.

ಮತದಾನ ಮುಗಿದು ಶಾಲೆಗೆ ಮರಳಿದರೆ ಬಾಗಿಲ ಮೇಲೆ ‘ಒಳಗೆ’, ‘ಹೊರಗೆ’ ಎಂದು ಬಾಣದ ಗುರುತಿನ ಚೀಟಿಗಳು ಹಾಗೇ ಇದ್ದವು. ನಮಗೆ ತಾಲೀಮು ಕೆಟ್ಟಿತೆಂಬ ಕೊರಗು. ಮಕ್ಕಳು ಅಷ್ಟರಲ್ಲಿ ಸಾಲು ನಿಂತಾಗಿತ್ತು. ಒಬ್ಬಳು ನೀಲಿ ಸ್ಕೆಚ್ ಪೆನ್ನು ಹಿಡಿದು ಕೂತು ಇಲಿಗಳ ಎಡಗೈ ತೋರುಬೆರಳಿಗೆ ಗೆರೆ ಎಳೆಯುತ್ತಿದ್ದಳು. (1962ರಿಂದ ದೇಶಕ್ಕೆಲ್ಲ ಆ ಶಾಯಿ ಮಾಡಿ ಕೊಡುವುದು ನಮ್ಮ ಮೈಸೂರಿನ ಕಾರ್ಖಾನೆ ಎಂದು ಹೇಳಿದೆ, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.) ‘ಬೊಮ್ಮನಹಳ್ಳೀಲಿ ಜನಕ್ಕಿಂತ ಇಲಿ ಜಾಸ್ತಿ ಅಲ್ವಾ ಸಾರ್, ಹಾಗಾದ್ರೆ ಗೌಡನ್ನ ಗೆಲ್ಸಿದ್ದೂ ಇಲಿಗಳೇ ಇರ್ಬೇಕು’ ಎಂದು ಒಬ್ಬ ತರ್ಕ ಹೂಡಿದ. ಆ ದೃಶ್ಯ ನಾಟಕದಲ್ಲೇ ಉಳಿಯಿತು. ನಾನು ಮೂವತ್ತು ವರ್ಷ ಪಾಠ ಮಾಡಿದ ಪದ್ಯದಲ್ಲಿ ಆ ಪ್ರಶ್ನೆಯನ್ನು ಯಾವ ಗೈಡಿನಲ್ಲೂ ಕಂಡಿರಲಿಲ್ಲ.

ಶಾಲೆ ಆಯಿತು, ಪ್ರದರ್ಶನಕ್ಕೆ ಜಾಗ ಬೇಕಲ್ಲ. ಮೇ ತಿಂಗಳಲ್ಲಿ ತಿಪಟೂರಿನಲ್ಲಿ ಕಲ್ಯಾಣ ಮಂಟಪ ಸಿಗುವುದೆಂದರೆ ಕನಸಿನ ಮಾತು. ಆದರೆ ಆ ವರ್ಷ ಮೇ-ಜೂನಿನಲ್ಲಿ ಗುರುವೂ ಅಸ್ತ, ಶುಕ್ರನೂ ಅಸ್ತ, ಮದುವೆಗೆ ಮುಹೂರ್ತವೇ ಇಲ್ಲವೆಂದು ಪಂಚಾಂಗದವರು ಷರಾ ಬರೆದುಬಿಟ್ಟಿದ್ದರು. ಛತ್ರಗಳೆಲ್ಲ ಖಾಲಿ. ಹೋಗಿ ಕೇಳಿದೆವು. ಮ್ಯಾನೇಜರರು ಬಾಡಿಗೆ ಅರ್ಧಕ್ಕೆ ಇಳಿಸಿದರು. ಕೊನೆಗೆ ಒಂದು ಅನುಮಾನ: ‘ಶುಭಕಾರ್ಯ ನಡೆಯೋ ಜಾಗ. ನಾಟಕದಲ್ಲಿ ಯಾರೂ ಸಾಯಲ್ಲ ತಾನೇ?’

‘ಮನುಷ್ಯರು ಯಾರೂ ಸಾಯಲ್ಲ.’

‘ಮತ್ತೆ?’

‘ಇಲಿಗಳು. ಇಪ್ಪತ್ತೆಂಟು.’

ಅವರು ಮೇಲೆ ನೋಡಿ ಲೆಕ್ಕ ಹಾಕಿದರು. ಹಸೆಮಣೆ ಹಾಕುವ ವೇದಿಕೆಯ ಮೇಲೆ ಇಪ್ಪತ್ತೆಂಟು ಸಾವು ಸುತರಾಂ ಸಾಧ್ಯವಿಲ್ಲ ಎಂದರು. ಸಾಯುವವರು ಬಾಗಿಲು ದಾಟಿ ಹೊರಗೆ ಹೋಗಿ ಸಾಯಲಿ ಎಂಬಲ್ಲಿಗೆ ರಾಜಿಯಾಯಿತು. ವೇದಿಕೆಯ ಪಕ್ಕದ ಬಾಗಿಲು ಊಟದ ಹಾಲಿಗೆ ತೆರೆಯುತ್ತದೆ. ಹಾಗಾಗಿ ನಮ್ಮ ನಾಟಕದಲ್ಲಿ ತುಂಗಾನದಿ ಊಟದ ಹಾಲಿನಲ್ಲಿ ಹರಿಯಿತು. ನೀನಾಸಂ ಹುಡುಗ ಇದನ್ನು ‘ಆಫ್‌ಸ್ಟೇಜ್ ಸ್ಪೇಸ್’ ಎಂದು ಕರೆದು ಸಮಾಧಾನ ಮಾಡಿಕೊಂಡ.

ಇನ್ನು ಮುಖವಾಡದ ವಿಚಾರ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಶಿಬಿರದಲ್ಲಿ ಮಕ್ಕಳು ನಿಜವಾಗಿ ಮೈಮರೆಯುವುದು ಇಲ್ಲೇ. ಜೇಡಿಮಣ್ಣಿನಲ್ಲಿ ಮೂತಿ ಮಾಡಿ ಒಣಗಿಸಿ, ಅದರ ಮೇಲೆ ಮೊದಲು ಒದ್ದೆ ಕಾಗದ, ಆಮೇಲೆ ಮೈದಾ ಅಂಟಿನಲ್ಲಿ ಅದ್ದಿದ ಪೇಪರಿನ ಚೂರು, ಒಂದು ಪದರ ಅಡ್ಡ, ಒಂದು ಪದರ ಉದ್ದ, ಹೀಗೆ ಐದಾರು ಪದರ. ಎರಡು ಮೂರು ದಿನ ಬಿಸಿಲು ಕುಡಿದರೆ ಒಳಗಿನ ಮಣ್ಣಿನಿಂದ ಸಲೀಸಾಗಿ ಎದ್ದು ಬರುತ್ತದೆ. ದೊಡ್ಡವರ ಕಂಪನಿಗಳಲ್ಲಿ ಅಂಟಿಗೆ ಹುಳ ಬೀಳದಿರಲೆಂದು ಮೈಲುತುತ್ತ ಹಾಕುತ್ತಾರೆ. ಅದು ವಿಷ, ಮಕ್ಕಳ ಕೈ ಬಾಯಿಗೆ ಹೋಗುತ್ತದೆಂದು ನಾವು ಹಾಕುವುದಿಲ್ಲ. ಇದರ ಫಲ ಉಂಡದ್ದು ಒಂದು ಮೇಕೆ. ಹಿಂದೊಂದು ಬೇಸಿಗೆ ‘ಗೋವಿನ ಹಾಡು’ ಆಡಿಸಿದಾಗ, ಕಾಂಪೌಂಡಿನ ಮೇಲೆ ಒಣಗಲಿಟ್ಟಿದ್ದ ಅರ್ಬುತ ಹುಲಿಯ ಮುಖವನ್ನು ಪಕ್ಕದ ಮನೆಯ ಮೇಕೆ ಕಿವಿಯಿಂದ ಶುರುಮಾಡಿ ಗಲ್ಲದವರೆಗೆ ತಿಂದು ಮುಗಿಸಿತು. ಹುಲಿಯ ಪಾತ್ರದವನು ಅಳಲಿಲ್ಲ. ‘ಸಾರ್, ಹಸು ಕಥೆ ಬೇಡ, ಮೇಕೆ ಕಥೆ ಆಡೋಣ, ಅದು ಹುಲೀನೇ ತಿಂತದೆ’ ಎಂದ. ಇಲ್ಲಿಂದ ಒಂದು ಗಂಟೆ ದಾರಿ ಗುಬ್ಬಿ. 1884ರಲ್ಲಿ ಕಂಪನಿ ಹುಟ್ಟಿದ ಊರು. ಗುಬ್ಬಿ ವೀರಣ್ಣನವರು ‘ಕುರುಕ್ಷೇತ್ರ’ಕ್ಕೆ ಜೀವಂತ ಆನೆ ಕುದುರೆಗಳನ್ನೇ ರಂಗದ ಮೇಲೆ ನಡೆಸಿದರು. ಅದೇ ಜಿಲ್ಲೆಯವರಾದ ನಮ್ಮಿಂದ ಒಂದು ಮೇಕೆಯನ್ನು ರಂಗದಿಂದ ದೂರ ಇಡಲಾಗಲಿಲ್ಲ.

ಇಲಿಗಳ ಮುಖವಾಡಕ್ಕೆ ಈ ಸಲ ಕಾವಲು ಹಾಕಿದೆವು. ತೊಂದರೆ ಬಾಲದಿಂದ ಬಂತು. ತೆಂಗಿನ ಹುರಿಯ ಬಾಲ, ಒಂದೊಂದೂ ಎರಡು ಮೊಳ. ಇಪ್ಪತ್ತೆಂಟು ಇಲಿ ಸಾಲಾಗಿ ಓಡಿದರೆ ಹಿಂದಿನ ಇಲಿಯ ಕಾಲಡಿ ಮುಂದಿನ ಇಲಿಯ ಬಾಲ. ಚಡ್ಡಿಯ ಸಮೇತ ಕೈಗೆ ಬರುತ್ತಿತ್ತು. ಕೊನೆಗೆ ಒಂದು ಪುಟ್ಟ ಇಲಿ ತನ್ನ ಬಾಲವನ್ನು ತಾನೇ ಎತ್ತಿ ಕೈಯಲ್ಲಿ ಹಿಡಿದುಕೊಂಡು ಓಡಿತು. ಉಳಿದವೂ ಹಾಗೇ ಮಾಡಿದವು. ಪ್ರದರ್ಶನದ ದಿನ ಅತಿಥಿಗಳು ಭಾಷಣದಲ್ಲಿ ‘ಇಲಿಗಳು ತಮ್ಮ ಬಾಲವನ್ನು ತಾವೇ ಹಿಡಿದುಕೊಂಡದ್ದು ಇಂದಿನ ಸಮಾಜದ ಸ್ವಾರ್ಥಕ್ಕೆ ಹಿಡಿದ ಕನ್ನಡಿ’ ಎಂದರು. ಚಡ್ಡಿ ಉಳಿಸಿಕೊಳ್ಳುವುದೂ ಒಂದು ಬಗೆಯ ಸ್ವಾರ್ಥವೇ ಇರಬೇಕು.

ತಂದೆಯರ ಬಗ್ಗೆ ಏನೂ ಹೇಳಲಿಲ್ಲವೆಂದು ಅಂದುಕೊಳ್ಳಬೇಡಿ. ತಂದೆಯರ ವಿಚಾರ ಐಪಿಎಲ್ ಮೇಲೆ ನಿಂತಿರುತ್ತದೆ. ಆ ವರ್ಷ ಮಾರ್ಚ್ ಕೊನೆಯಿಂದ ಏಪ್ರಿಲ್ 21ರವರೆಗೆ ಆರ್‌ಸಿಬಿ ಸತತವಾಗಿ ಆರು ಪಂದ್ಯ ಸೋತಿತು. ಶಿಬಿರದ ಪಾಲಿಗೆ ಅದು ಸುವರ್ಣಯುಗ. ಸಂಜೆಯ ತಾಲೀಮಿಗೆ ಅಪ್ಪಂದಿರು ತಾವೇ ಮಕ್ಕಳನ್ನು ಕರೆತಂದು, ಮನೆಗೆ ಹೋಗಲು ಮನಸ್ಸಿಲ್ಲದೆ ಅಲ್ಲೇ ಕೂತು, ರಟ್ಟು ಕತ್ತರಿಸಿ, ಬಣ್ಣ ಬಳಿದು ಕೊಟ್ಟರು. ಏಪ್ರಿಲ್ 25ರಿಂದ ಆ ತಂಡ ಅದೇನು ಹಟ ಹಿಡಿಯಿತೋ, ಒಂದೇ ಸಮನೆ ಗೆಲ್ಲತೊಡಗಿತು. ಅಪ್ಪಂದಿರು ಮಾಯ. ಗೌಡರ ಮನೆಯ ಅರ್ಧ ಗೋಡೆ ಬಣ್ಣವಿಲ್ಲದೆ ನಿಂತಿತು. ನಾವು ಪ್ರದರ್ಶನ ಇಟ್ಟುಕೊಂಡದ್ದು ಮೇ 12ರ ಭಾನುವಾರ ಸಂಜೆ. ಅದೇ ಸಂಜೆ ಚಿನ್ನಸ್ವಾಮಿ ಮೈದಾನದಲ್ಲಿ ಡೆಲ್ಲಿ ಎದುರು ಪಂದ್ಯ.

ಅಷ್ಟು ಸಾಲದೆಂದು ನಾಲ್ಕು ದಿನ ಮುಂಚೆ ಜೋಗಿಗೆ ಅಮ್ಮ ಎದ್ದಿತು. ಮೈತುಂಬ ಗುಳ್ಳೆ, ಬೇವಿನ ಸೊಪ್ಪಿನ ಮೇಲೆ ಮಲಗಿಸಿದ್ದರು. ನೀನಾಸಂ ಹುಡುಗ ತಲೆಯ ಮೇಲೆ ಕೈಹೊತ್ತು ಕೂತ. ನಾನು ಒಬ್ಬೊಬ್ಬರ ಮುಖ ನೋಡುತ್ತಿದ್ದೆ. ‘ಜೋಗಿ ಡೈಲಾಗ್ ಯಾರಿಗಾದ್ರೂ ಗೊತ್ತೇನ್ರೋ?’ ಎಂದರೆ ಇಪ್ಪತ್ತೆಂಟು ಇಲಿಗಳೂ ಕೈಯೆತ್ತಿದವು. ಡೈಲಾಗಿಲ್ಲದ ಪಾತ್ರದ ಲಾಭ ಇದು ನೋಡಿ. ತನ್ನದೇನೂ ಇಲ್ಲದ ಇಲಿ ಎಲ್ಲರದ್ದನ್ನೂ ಕೇಳಿಸಿಕೊಂಡಿರುತ್ತದೆ. ಜೋಗಿಯ ಮಾತು, ಗೌಡನ ಮಾತು, ನಾನು ಹಾರ್ಮೋನಿಯಂ ಮೇಷ್ಟ್ರಿಗೆ ಪಿಸುಗುಟ್ಟಿದ ಮಾತು ಕೂಡ ಅವಕ್ಕೆ ಬಾಯಿಪಾಠ. ಐದನೇ ಕ್ಲಾಸಿನ ಒಂದು ಹುಡುಗಿಗೆ ತೆಂಗಿನ ನಾರಿನ ಗಡ್ಡ ಕಟ್ಟಿದೆವು. ಕಿಂದರಿಗೆ ಅರ್ಧ ತೆಂಗಿನ ಚಿಪ್ಪು, ಒಂದು ಬಿದಿರ ಕೋಲು, ಎರಡು ತಂತಿ. ನಾರು ತುರಿಸಿದಾಗಲೆಲ್ಲ ಅವಳು ಗಡ್ಡವನ್ನು ಗಂಭೀರವಾಗಿ ನೀವಿಕೊಳ್ಳುತ್ತಿದ್ದಳು. ಹಿಂದಿನ ಜೋಗಿಗೆ ಎಷ್ಟು ಹೇಳಿಕೊಟ್ಟರೂ ಬಾರದ ಗಾಂಭೀರ್ಯ ತುರಿಕೆಯಿಂದ ತಾನಾಗಿ ಬಂತು.

ಪ್ರದರ್ಶನದ ಸಂಜೆ. ನೀತಿಸಂಹಿತೆ ಜೂನ್ ನಾಲ್ಕರ ಎಣಿಕೆ ಮುಗಿಯುವ ತನಕ ಜಾರಿಯಲ್ಲಿತ್ತಾದ್ದರಿಂದ ಯಾವ ಪಕ್ಷದವರನ್ನೂ ವೇದಿಕೆಗೆ ಕರೆಯುವಂತಿರಲಿಲ್ಲ. ನಮ್ಮ ಶಿಬಿರದ ಚರಿತ್ರೆಯಲ್ಲಿ ಕಾರ್ಯಕ್ರಮವೊಂದು ಹೇಳಿದ ಹೊತ್ತಿಗೆ ಶುರುವಾಗಲು ಚುನಾವಣಾ ಆಯೋಗವೇ ಬರಬೇಕಾಯಿತು. ಜನವೂ ತುಂಬಿದ್ದರು. 2023ರ ಜೂನ್ 11ರಿಂದ ಹೆಂಗಸರಿಗೆ ಸರ್ಕಾರಿ ಬಸ್ಸು ಬಿಟ್ಟಿಯಾದ ಮೇಲೆ ನಾಟಕಕ್ಕೆ ಅಜ್ಜಿಯರ ಕೊರತೆಯೇ ಇಲ್ಲ. ಹೊನ್ನವಳ್ಳಿಯಿಂದ, ನೊಣವಿನಕೆರೆಯಿಂದ ಆಧಾರ್ ಕಾರ್ಡು ಹಿಡಿದು, ಎಲೆಅಡಿಕೆ ಚೀಲ ಸಮೇತ ಬಂದು ಮುಂದಿನ ಸಾಲು ಹಿಡಿದಿದ್ದರು. ಅಪ್ಪಂದಿರು ಹಿಂದಿನ ಸಾಲಿನಲ್ಲಿ, ತಲೆ ತಗ್ಗಿಸಿ, ಮೊಬೈಲಿನಲ್ಲಿ ಚಿನ್ನಸ್ವಾಮಿಗೆ ಕಣ್ಣು ನೆಟ್ಟು.

ಇಲಿಗಳು ಮತ ಹಾಕಿದವು. ಗೌಡ ಗೆದ್ದ. ಜೋಗಿ ಬಂದಳು. ಅಷ್ಟರಲ್ಲಿ ವರ್ಷವಿಡೀ ಬಾರದ ಮಳೆ ಬಂತು. ಛತ್ರದ ಊಟದ ಹಾಲಿಗೆ ತಗಡಿನ ಶೀಟು. ಸದ್ದು ಹೇಗಿತ್ತೆಂದರೆ ಹಾರ್ಮೋನಿಯಂ ಮೇಷ್ಟ್ರು ಬಾರಿಸುತ್ತಿದ್ದಾರೋ ಇಲ್ಲವೋ ಅವರಿಗೇ ತಿಳಿಯಲಿಲ್ಲ. ಕರೆಂಟು ಹೋಯಿತು. ಮೈಕು ಸತ್ತಿತು. ಸ್ವಲ್ಪ ಹೊತ್ತಿಗೆ ಹಿಂದಿನ ಸಾಲಿನಿಂದ ಒಂದು ದೊಡ್ಡ ನಿಟ್ಟುಸಿರು, ನೆಟ್‌ವರ್ಕೂ ಹೋಗಿತ್ತು. ಮ್ಯಾನೇಜರರು ಅಡಿಗೆಯವರ ಉಗ್ರಾಣದಿಂದ ಎರಡು ಹಳೇ ಗ್ಯಾಸ್‌ಲೈಟ್ ಹೊತ್ತಿಸಿ ತಂದಿಟ್ಟರು. ಆ ಬೆಳಕಿನಲ್ಲಿ ವಿಡಿಯೋ ಸರಿಯಾಗಿ ಬರುವುದಿಲ್ಲವೆಂದು ತಾಯಂದಿರು ಫೋನು ಕೆಳಗಿಳಿಸಿದರು. ಹೀಗೆ ಬೇರೆ ದಾರಿಯಿಲ್ಲದೆ ಇಡೀ ಸಭೆ ನಾಟಕ ನೋಡತೊಡಗಿತು.

ಜೋಗಿ ಕಿಂದರಿ ಬಾರಿಸಿದಳು. ಇಲಿಗಳು ಬಾಲ ಹಿಡಿದುಕೊಂಡು ಒಂದೊಂದಾಗಿ ಊಟದ ಹಾಲಿಗೆ ಹಾರಿ ಸತ್ತವು. ಗೌಡ ಮೀಸೆ ತಿರುವಿ, ಹಣ ಕೊಡುವುದಿಲ್ಲವೆಂದು ಹೇಳಲು ಬಾಯಿ ತೆರೆದ. ಆಗ ಸತ್ತಿದ್ದ ಇಲಿಯೊಂದು ಬಾಗಿಲಿನಿಂದ ತಲೆ ಹಾಕಿತು. ನಿಧಾನವಾಗಿ ವೇದಿಕೆಗೆ ಬಂತು. ಮುಖವಾಡ ಎತ್ತಿ ಸಭೆಯ ಕಡೆ ಕಣ್ಣು ಕಿರಿದುಮಾಡಿ ನೋಡಿತು.

‘ಏಯ್, ನೀನು ಸತ್ತಿದ್ದೀಯ, ಹೋಗೋ’ ಎಂದ ಗೌಡ ಹಲ್ಲುಕಚ್ಚಿ.

‘ನಮ್ಮಜ್ಜಿ ಇನ್ನೂ ಬಂದಿಲ್ಲ’ ಎಂದಿತು ಇಲಿ.

ನೀನಾಸಂ ಹುಡುಗ ಪರದೆಯ ಮರೆಯಲ್ಲಿ ಕೂತು ಕಣ್ಣು ಮುಚ್ಚಿಕೊಂಡ. ನನ್ನ ಎದೆ ಹಾರ್ಮೋನಿಯಮ್ಮಿಗಿಂತ ಜೋರಾಗಿ ಬಡಿದುಕೊಳ್ಳುತ್ತಿತ್ತು. ಜೋಗಿ ಮಾತ್ರ ನಿಂತಲ್ಲೇ ಗಡ್ಡ ನೀವಿಕೊಂಡಳು. ‘ನೋಡಿ ಗೌಡ್ರೇ, ಒಂದು ಇಲಿ ಉಳ್ಕೊಂಡಿದೆ. ಇನ್ನೊಂದ್ಸಲ ಬಾರಿಸ್ತೀನಿ. ಇದಕ್ಕೆ ಬೇರೆ ದುಡ್ಡು.’

ಗೌಡ ಒಂದು ಕ್ಷಣ ತಬ್ಬಿಬ್ಬಾದ. ಆಮೇಲೆ ಮೀಸೆಯಡಿಯಲ್ಲಿ ನಕ್ಕ. ‘ಒಂದು ಇಲಿಗೆ ಎಷ್ಟು?’

‘ಸಾವಿರದ ಐನೂರು.’

‘ಒಂದೂ ಡೈಲಾಗಿಲ್ಲದ ಇಲಿಗೆ ಸಾವಿರದ ಐನೂರಾ?’

ಕೊಬ್ಬರಿ ವ್ಯಾಪಾರಿಗಳು ಎಲ್ಲಿ ಕೂತಿದ್ದರೋ, ಅಲ್ಲಿಂದಲೇ ನಗು ಮೊದಲು ಎದ್ದದ್ದು. ಮಳೆಯ ಸದ್ದನ್ನೂ ಮೀರಿ ಛತ್ರವೆಲ್ಲ ನಕ್ಕಿತು. ಇಲಿ ಮಾತ್ರ ನಗಲಿಲ್ಲ, ಬಾಗಿಲನ್ನೇ ನೋಡುತ್ತಿತ್ತು. ಊರ ಹಿರಿಯನೊಬ್ಬ, ಅದೇ ಎಂಟು ಡೈಲಾಗಿನವನು, ಮುಂದೆ ಬಂದು ತನ್ನ ಒಂಬತ್ತನೆಯ ಡೈಲಾಗನ್ನು ತಾನೇ ಹುಟ್ಟಿಸಿಕೊಂಡ: ‘ಮಳೇಲಿ ಬಸ್ಸು ನಿಧಾನ ಕಣೋ. ಬರ್ತಾರೆ, ಇರು.’

ಇಷ್ಟು ವರ್ಷ ಕೂಡಿ ಕಳೆದು ನೋಡಿದಾಗ ನನಗೆ ಕಂಡಿರುವುದು ಇಷ್ಟೇ. ಬರ, ಮಳೆ, ಮತಗಟ್ಟೆ, ಮುಹೂರ್ತ, ಕ್ರಿಕೆಟ್ಟು, ಫೀಸು. ಇವುಗಳಲ್ಲಿ ಮಕ್ಕಳು ತಂದ ವಿಘ್ನ ಒಂದೂ ಇಲ್ಲ. ಎಲ್ಲ ನಮ್ಮವು, ದೊಡ್ಡವರವು. ನಮಗೆ ಕೊನೆಯ ದಿನದ ಪ್ರದರ್ಶನ ನೆಟ್ಟಗೆ ಆಗಬೇಕು, ಆದ್ದರಿಂದ ಅಡ್ಡ ಬಂದದ್ದೆಲ್ಲ ವಿಘ್ನ. ಮಕ್ಕಳಿಗೆ ಇವತ್ತು ಆಡಲು ಏನಾದರೂ ಬೇಕು, ಆದ್ದರಿಂದ ಅಡ್ಡ ಬಂದದ್ದೆಲ್ಲ ಸಾಮಾನು. ನಾವು ಹುಲಿಯ ಮುಖ ಹೋಯಿತೆಂದು ಕೊರಗುವಾಗ ಅವರಿಗೆ ಮೇಕೆಯ ಕಥೆ ಸಿಕ್ಕಿರುತ್ತದೆ. ಶಿಬಿರ ನಡೆಸುವವರು ನಾವು ಎನ್ನುವುದು ಕರಪತ್ರದಲ್ಲಿ ಮುದ್ರಿಸಲಿಕ್ಕೆ ಮಾತ್ರ ಸರಿ.

ಅಜ್ಜಿ ಬಂದರು. ಬಂದದ್ದು ನಾಟಕ ಮುಗಿದು ಎಲ್ಲರೂ ಕೈಮುಗಿದು ಸಾಲಾಗಿ ನಿಂತಾಗ, ಸೆರಗು ಹಿಂಡುತ್ತಾ. ‘ಅಯ್ಯೋ, ಮುಗುದೋಯ್ತೇನ್ ಮಗಾ?’ ಇಲಿ ಜೋಗಿಯ ಮುಖ ನೋಡಿತು. ಜೋಗಿ ಕಿಂದರಿ ಎತ್ತಿದಳು. ಇಲಿ ಆ ಸಂಜೆ ಮೂರನೆಯ ಸಲ ಹೊಳೆಗೆ ಹಾರಿತು. ಹಿಂದಿನ ಎರಡು ಸಲಕ್ಕಿಂತ ಇದು ಲಾಯಕ್ಕಾಗಿತ್ತು. ಒದ್ದಾಟ ಜಾಸ್ತಿ, ಕೊನೆಯುಸಿರು ಎರಡು. ಅಷ್ಟಕ್ಕೆ ಮುಗಿಯಲಿಲ್ಲ. ಮುಂದಿನ ಸಾಲಿನ ಅಜ್ಜಿಯರಿಗೆ ಇದು ಅನ್ಯಾಯವೆನಿಸಿತು. ‘ನಮ್ಮುಡುಗಂದು ಕತ್ತಲಲ್ಲಿ ಕಾಣ್ಲೇ ಇಲ್ಲ, ಅವನೂ ಇನ್ನೊಂದ್ಸಲ ಸಾಯ್ಲಿ’ ಎಂದು ಒಬ್ಬರು, ‘ನಮ್ದೂ’ ಎಂದು ಇನ್ನೊಬ್ಬರು. ಮ್ಯಾನೇಜರರು ಬೀಗದ ಕೈ ಅಲ್ಲಾಡಿಸುತ್ತಾ ನಿಂತಿದ್ದಂತೆಯೇ ಅಷ್ಟೂ ಇಲಿಗಳು ಮತ್ತೊಂದು ಸಲ ಸತ್ತವು. ಹೊಳೆಯವರೆಗೆ ಹೋಗುವ ತಾಳ್ಮೆಯಿಲ್ಲದ ನಾಲ್ಕೈದು ಹಸೆಮಣೆಯ ಜಾಗದಲ್ಲೇ ಉರುಳಿದವು. ಮ್ಯಾನೇಜರರು ಆ ಕಡೆ ತಿರುಗಿಕೊಂಡರು.

ಮಾರನೆಯ ದಿನ ಬೆಳಿಗ್ಗೆ ಫೋನು. ಸಪರೇಟ್ ಡೈಲಾಗ್ ಕೇಳಿದ್ದ ಅದೇ ತಾಯಿ. ಬಾಕಿ ಫೀಸಿನ ವಿಚಾರವಿರಬಹುದೆಂದು ಆಸೆಯಿಂದ ಎತ್ತಿದೆ. ‘ಸಾರ್, ಮುಂದಿನ ವರ್ಷಾನೂ ಇವನಿಗೆ ಇಲಿ ಪಾತ್ರಾನೇ ಕೊಡಿ ಸಾರ್. ಸಾಯೋದು ಇವನಿಗೆ ತುಂಬಾ ಚೆನ್ನಾಗಿ ಬರುತ್ತೆ ಅಂತ ಎಲ್ರೂ ಹೇಳಿದ್ರು. ಈಗ್ಲೇ ಬರ್ಕೊಳಿ.’ ಬರೆದುಕೊಂಡೆ. ಮುಂದಿನ ಬೇಸಿಗೆಗೆ ‘ಅಳಿಲು ರಾಮಾಯಣ’ ಎಂದು ನಾವು ಮೂವರು ಆಗಲೇ ಮಾತಾಡಿಕೊಂಡಾಗಿತ್ತು. ಇರಲಿ ಬಿಡಿ. ಲಂಕೆಯಲ್ಲಿ ಇಲಿಗಳಿರಲಿಲ್ಲ ಎಂದು ವಾಲ್ಮೀಕಿ ಎಲ್ಲೂ ಬರೆದಿಲ್ಲವಲ್ಲ.